ಇಂಗ್ಲಿಷಿನ ‘ಗೆಟ್’ ಫ್ರೆಂಚಿಗೆ ಹೋದಾಗ ಎಲ್ಲಿ ಮಾಯವಾಗುತ್ತದೆ?

ಹೊಸ ಓದುಗ

ಇಂಗ್ಲಿಷಿನಿಂದ ಫ್ರೆಂಚಿಗೆ ಅನುವಾದ ಮಾಡುವ ಅಭ್ಯಾಸದಲ್ಲಿದ್ದೇನೆ. ಕೊಟ್ಟಿರುವ ಗದ್ಯಭಾಗ ಚಿಕ್ಕದು, ಕಥೆಯೂ ಸರಳ. ಒಬ್ಬ ತಡವಾಗಿ ಏಳುತ್ತಾನೆ, ಬಸ್ ಹತ್ತುತ್ತಾನೆ, ತಪ್ಪು ನಿಲ್ದಾಣದಲ್ಲಿ ಇಳಿಯುತ್ತಾನೆ, ಮಳೆಯಲ್ಲಿ ನೆನೆಯುತ್ತಾನೆ, ಕಚೇರಿಯಲ್ಲಿ ಬೈಸಿಕೊಳ್ಳುತ್ತಾನೆ, ನೆಗಡಿ ಅಂಟಿಸಿಕೊಂಡು ಕತ್ತಲಾಗುವ ಹೊತ್ತಿಗೆ ಮನೆಗೆ ಮರಳುತ್ತಾನೆ. ಮೂಲದಲ್ಲಿ ಇಷ್ಟಕ್ಕೂ ದುಡಿಯುವುದು ಒಂದೇ ಕ್ರಿಯಾಪದ, ‘ಗೆಟ್’. ನಿಘಂಟು ತೆರೆದರೆ ಮೊದಲು ‘ಒಬ್ತನೀರ್’ (ಗಳಿಸು), ಆಮೇಲೆ ‘ರಸವ್ವಾರ್’ (ಸ್ವೀಕರಿಸು), ‘ದವನೀರ್’ (ಆಗು) ಎಂದು ಪುಟಗಟ್ಟಲೆ ಸಾಗುತ್ತದೆ. ನನ್ನ ವಾಕ್ಯಗಳಿಗೆ ಅವು ಒಂದೂ ಒಗ್ಗುವುದಿಲ್ಲ. ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್, ಗೆಟ್ ಬೈ, ಗೆಟ್ ಅವೇ ಎಂಬ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡುವುದೊಂದೇ ದಾರಿಯೇ? ತಿಳಿದವರು ದಯವಿಟ್ಟು ಹೇಳಿ.

ನಿಘಂಟುಪ್ರಿಯೆ

ನೀವು ಬರೆದ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. ಕಥೆಯನ್ನು ಕನ್ನಡದಲ್ಲಿ ಹೇಳುವಾಗ ಏಳು, ಹತ್ತು, ಇಳಿ, ನೆನೆ, ಮರಳು ಎಂದು ಪ್ರತಿಯೊಂದು ಕೆಲಸಕ್ಕೂ ಅದರದೇ ಕ್ರಿಯಾಪದ ತಂದಿದ್ದೀರಿ. ಫ್ರೆಂಚ್ ಮಾಡುವುದೂ ಅದನ್ನೇ: ಏಳಲು ‘ಸ ಲವೇ’, ಹತ್ತಲು ‘ಮೋಂತೇ’, ಇಳಿಯಲು ‘ದೆಸಾಂದ್ರ್’, ನೆನೆಯಲು ‘ಸ ಮುಯೇ’, ಮನೆಗೆ ಮರಳಲು ‘ರಾಂತ್ರೇ’. ‘ಗೆಟ್’ ಎಂಬುದಕ್ಕೆ ಫ್ರೆಂಚಿನಲ್ಲಿ ಸಮಾನಪದ ಹುಡುಕಿದಷ್ಟು ಹೊತ್ತೂ ನೀವು ಇಲ್ಲದ ಮನೆಯ ಬಾಗಿಲು ತಟ್ಟುತ್ತಿರುತ್ತೀರಿ.

ನಮ್ಮಲ್ಲಿ ಫ್ರೆಂಚ್ ಕಲಿಯುವವರು ಬಹುಪಾಲು ಇಂಗ್ಲಿಷಿನ ಮೂಲಕವೇ ಕಲಿಯುತ್ತಾರೆ. ಪಠ್ಯಪುಸ್ತಕ ಇಂಗ್ಲಿಷ್ ಬಲ್ಲವರಿಗಾಗಿ ಬರೆದದ್ದು, ಎಚ್ಚರಿಕೆಗಳೂ ಅವರಿಗೇ ಕೊಟ್ಟವು. ಕನ್ನಡಿಗನಿಗೆ ಇಲ್ಲದ ಕಷ್ಟವನ್ನು ಪುಸ್ತಕ ಮೊದಲು ಕಲಿಸಿ, ಆಮೇಲೆ ಬಿಡಿಸುತ್ತದೆ. ಆದ್ದರಿಂದ ನಾನು ಹೇಳುವುದಿಷ್ಟು: ‘ಗೆಟ್’ ಕಂಡಲ್ಲಿ ಕಣ್ಣು ಮುಚ್ಚಿ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಅಲ್ಲಿಂದ ಫ್ರೆಂಚಿಗೆ ಹೋಗಿ.

ಇನ್ನೊಂದು ಅಡಚಣೆಯನ್ನೂ ಹೇಳಿಬಿಡುತ್ತೇನೆ. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್ ಮೂಲದ ಪದಗಳು ಬಂದವು. ಡಿಸೆಂಡ್, ಎಂಟರ್, ಅಬ್ಟೇನ್ ಮುಂತಾದವು ಇಂಗ್ಲಿಷಿನಲ್ಲಿ ಇಂದಿಗೂ ಗಂಭೀರವಾಗಿ ಕೇಳಿಸುತ್ತವೆ. ಹೀಗಾಗಿ ಕಲಿಯುವವರು ‘ದೆಸಾಂದ್ರ್’ ಎಂದು ಬರೆಯಲು ಹಿಂಜರಿಯುತ್ತಾರೆ. ಬಸ್ಸಿನಿಂದ ಇಳಿಯುವುದಕ್ಕೆ ಇಷ್ಟು ಭಾರಿ ಪದವೇ ಎಂಬ ಅನುಮಾನ. ಫ್ರೆಂಚಿನಲ್ಲಿ ಮೂರು ವರ್ಷದ ಮಗುವೂ ‘ದೆಸಾಂದ್ರ್’ ಎನ್ನುತ್ತದೆ. ‘ಒಬ್ತನೀರ್’ ಮಾತ್ರ ನಿಜಕ್ಕೂ ಸ್ವಲ್ಪ ಬಿಗುವಿನದು. ಪದವಿ, ಅನುಮತಿ, ಫಲಿತಾಂಶಗಳಿಗೆ ಹೊಂದುತ್ತದೆ, ಅಂಗಡಿಯಿಂದ ತಂದ ಬ್ರೆಡ್ಡಿಗೆ ಹೊಂದುವುದಿಲ್ಲ. ಅಲ್ಲಿ ಕೊಂಡಿದ್ದರೆ ‘ಆಶ್ತೇ’, ಹೋಗಿ ತರಬೇಕಿದ್ದರೆ ‘ಆಲೇ ಶೆರ್ಶೇ’.

ವ್ಯಾಕರಣದ ಹುಚ್ಚ

ನಿಘಂಟುಪ್ರಿಯೆ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ಇದನ್ನು ಯಾವ ಫ್ರೆಂಚ್ ಪಠ್ಯಪುಸ್ತಕವೂ ಹೇಳಲಾರದು, ಏಕೆಂದರೆ ಅದಕ್ಕೆ ಕನ್ನಡ ಬರಬೇಕು.

‘ಗೆಟ್’ ಸೇರಿದ ಇಂಗ್ಲಿಷ್ ರೂಪಗಳಲ್ಲಿ ದೊಡ್ಡದೊಂದು ಗುಂಪು ಫ್ರೆಂಚಿನಲ್ಲಿ ‘ಸ’ ಹಚ್ಚಿದ ಕ್ರಿಯಾಪದವಾಗುತ್ತದೆ. ಇಂಗ್ಲಿಷರಿಗೆ ಇದು ವಿಚಿತ್ರ. ತನ್ನನ್ನು ತಾನೇ ಎಬ್ಬಿಸುವುದು, ತನ್ನನ್ನು ತಾನೇ ಕೂರಿಸುವುದು ಎಂದು ಅರ್ಥ ಹೇಳಿ ನಗುತ್ತಾರೆ. ನಮಗೆ ನಗು ಬರಬೇಕಾಗಿಲ್ಲ, ಏಕೆಂದರೆ ನಮ್ಮಲ್ಲಿ ‘ಕೊಳ್ಳು’ ಇದೆ. ನೋಡಿ: ಕುಳಿತುಕೊಳ್ಳು ‘ಸಾಸ್ವಾರ್’. ಮಲಗಿಕೊಳ್ಳು ‘ಸ ಕುಶೇ’. ತೊಳೆದುಕೊಳ್ಳು ‘ಸ ಲಾವೇ’. ಬಟ್ಟೆ ಹಾಕಿಕೊಳ್ಳು ‘ಸಾಬಿಯೇ’. ಸಿಟ್ಟು ಮಾಡಿಕೊಳ್ಳು ‘ಸ ಫಾಶೇ’. ತಪ್ಪಿಸಿಕೊಳ್ಳು ‘ಸೇಶಾಪೇ’. ಕಾಯಿಲೆಯಿಂದ ಚೇತರಿಸಿಕೊಳ್ಳು, ಅಂದರೆ ಗೆಟ್ ಓವರ್, ‘ಸ ರಮೆತ್ರ್’. ರೂಢಿ ಮಾಡಿಕೊಳ್ಳು ‘ಸಾಬಿತ್ವೇ’. ಹೇಗೋ ನಿಭಾಯಿಸಿಕೊಳ್ಳು, ಅಂದರೆ ಗೆಟ್ ಬೈ, ‘ಸ ದೆಬ್ರುಯೇ’. ಈ ಕೊನೆಯದು ಫ್ರೆಂಚರ ಅಚ್ಚುಮೆಚ್ಚಿನ ಪದ. ಒಂದು ಭಾಷೆ ಅಷ್ಟಿಷ್ಟು ಬರುತ್ತದೆ, ಕೆಲಸ ಸಾಗುತ್ತದೆ ಎನ್ನುವುದಕ್ಕೂ ಇದನ್ನೇ ಹೇಳುತ್ತಾರೆ.

ಇದಕ್ಕಿಂತ ಸೊಗಸಾದದ್ದು ನಿಮ್ಮ ಕಥೆಯಲ್ಲೇ ಇದೆ. ಕಚೇರಿಯಲ್ಲಿ ಅವನು ‘ಬೈಸಿಕೊಂಡ’. ಬೈ, ಇಸು, ಕೊಳ್ಳು ಎಂದು ಬಿಡಿಸಿ. ಫ್ರೆಂಚಿನಲ್ಲಿ ‘ಸ ಫೇರ್ ಗ್ರೋಂದೇ’. ‘ಗ್ರೋಂದೇ’ ಎಂದರೆ ಬೈ, ‘ಫೇರ್’ ಎಂಬುದು ನಮ್ಮ ಇಸು, ‘ಸ’ ಎಂಬುದು ಕೊಳ್ಳು. ಮೂರು ತುಂಡೂ ಅದೇ, ಜೋಡಿಸಿದ ಕ್ರಮ ಮಾತ್ರ ಹಿಂದುಮುಂದು. ಕನ್ನಡ ಬಾಲದಿಂದ ಕಟ್ಟುತ್ತದೆ, ಫ್ರೆಂಚ್ ತಲೆಯಿಂದ. ಇಂಗ್ಲಿಷಿನವರು ಇದನ್ನು ಪ್ರತ್ಯೇಕ ಪಾಠವಾಗಿ ಕಲಿಯಬೇಕು. ನಾವು ಅಂಗಿ ಹೊಲಿಸಿಕೊಳ್ಳುವಾಗ, ಪೆಟ್ಟು ತಿಂದು ಹೊಡೆಸಿಕೊಳ್ಳುವಾಗ, ಬೇರೆಯವರಿಂದ ಹೊಗಳಿಸಿಕೊಳ್ಳುವಾಗ ದಿನವೂ ಇದನ್ನೇ ಬಳಸುತ್ತಿದ್ದೇವೆ.

ಸಂಶಯಾತ್ಮ

ಉತ್ಸಾಹಕ್ಕೆ ನಮಸ್ಕಾರ. ಆದರೆ ಹೊಸಬರು ಇದನ್ನು ಸೂತ್ರವೆಂದು ಹಿಡಿದರೆ ಎರಡನೆಯ ಪುಟದಲ್ಲೇ ಎಡವುತ್ತಾರೆ.

ಕಳೆದುಕೊಳ್ಳು ಎಂಬಲ್ಲಿ ‘ಕೊಳ್ಳು’ ಇದೆ. ಕೀಲಿಕೈ ಕಳೆದುಕೊಂಡೆ ಎನ್ನಲು ಫ್ರೆಂಚಿನಲ್ಲಿ ‘ಸ’ ಹಚ್ಚುವಂತಿಲ್ಲ, ಬರಿಯ ‘ಪೆರ್ದ್ರ್’ ಸಾಕು. ‘ಸ ಪೆರ್ದ್ರ್’ ಎಂದರೆ ನೀವೇ ದಾರಿ ತಪ್ಪಿದಿರಿ ಎಂದಾಗುತ್ತದೆ, ಅದು ಇಂಗ್ಲಿಷಿನ ಗೆಟ್ ಲಾಸ್ಟ್. ಇಟ್ಟುಕೊಳ್ಳು ‘ಗಾರ್ದೇ’, ಒಪ್ಪಿಕೊಳ್ಳು ‘ಆಕ್ಸೆಪ್ತೇ’, ಕಲಿತುಕೊಳ್ಳು ‘ಆಪ್ರಾಂದ್ರ್’. ಇವೆಲ್ಲ ‘ಸ’ ಇಲ್ಲದವು. ತಿರುಗಿಸಿ ನೋಡಿದರೂ ಹಾಗೆಯೇ. ಏಳು, ಓಡಿಹೋಗು, ಬೇಸರವಾಗು ಎಂಬವುಗಳಲ್ಲಿ ನಮಗೆ ‘ಕೊಳ್ಳು’ ಬೇಕಾಗಿಲ್ಲ, ಫ್ರೆಂಚಿಗೆ ‘ಸ ಲವೇ’, ‘ಸಾಂಫ್ವೀರ್’, ‘ಸಾಂನ್ವಿಯೇ’ ಬೇಕು.

ನಮ್ಮ ‘ಕೊಳ್ಳು’ ಮಾಡಿದ ಕೆಲಸದ ಫಲ ಮಾಡಿದವನಿಗೇ ಸೇರಿತು ಎನ್ನುತ್ತದೆ. ಎದುರಿಗೆ ಬೇರೆ ವಸ್ತು ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಫ್ರೆಂಚಿನ ‘ಸ’ ಹೆಚ್ಚಾಗಿ ಕೆಲಸವೇ ಮಾಡಿದವನ ಮೇಲೆ ತಿರುಗಿದಾಗ ಬರುತ್ತದೆ. ವಸ್ತು ನಿಮ್ಮ ಮೈಯ ಭಾಗವಾಗಿದ್ದರೆ ಎರಡೂ ಭಾಷೆಗಳು ಮತ್ತೆ ಹತ್ತಿರ ಬರುತ್ತವೆ: ಕೈ ತೊಳೆದುಕೊಳ್ಳು ‘ಸ ಲಾವೇ ಲೇ ಮೇಂ’.

ಕೂದಲಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಕನ್ನಡದಲ್ಲಿ ‘ಕೂದಲು ಕತ್ತರಿಸಿಕೊಂಡೆ’ ಎಂದರೆ ಕತ್ತರಿ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗುವುದಿಲ್ಲ. ‘ಕತ್ತರಿಸು’ ಎಂಬ ಪದದಲ್ಲೇ ಇಸು ಇರುವುದರಿಂದ ಅದು ಮಾಡಿಸಿದ್ದೋ ಮಾಡಿದ್ದೋ ತಿಳಿಯದು. ಫ್ರೆಂಚಿನಲ್ಲಿ ‘ಫೇರ್’ ಬಿಟ್ಟರೆ ನೀವೇ ಕನ್ನಡಿಯ ಮುಂದೆ ನಿಂತು ಕತ್ತರಿಸಿದಿರಿ ಎಂದು ಕೇಳುವವರು ತಿಳಿಯುತ್ತಾರೆ. ಬೇರೆಯವರಿಂದ ಮಾಡಿಸಿದ್ದರೆ ‘ಸ ಫೇರ್ ಕುಪೇ ಲೇ ಶವೊ’.

ವ್ಯಾಕರಣದ ಹುಚ್ಚ

ಒಪ್ಪಿದೆ, ಸೂತ್ರವೆಂದು ನಾನೂ ಹೇಳಲಿಲ್ಲ. ಆದರೆ ‘ಸ ಫೇರ್’ ವಿಷಯದಲ್ಲಿ ಹೋಲಿಕೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಬೈಸಿಕೊಂಡ ಎಂದಾಗ ಅವನು ಕೇಳಿ ಬೈಸಿಕೊಂಡದ್ದಲ್ಲ. ಆದರೂ ತಪ್ಪು ಅವನ ಕಡೆಗೂ ಸ್ವಲ್ಪ ಇತ್ತು ಎಂಬ ಛಾಯೆ ಉಂಟು. ಫ್ರೆಂಚಿನಲ್ಲೂ ಆ ಛಾಯೆ ಇದೆ. ಸಿಕ್ಕಿಬಿದ್ದ ಎನ್ನಲು ‘ಸ ಫೇರ್ ಪ್ರಾಂದ್ರ್’ ಎನ್ನುತ್ತಾರೆ.

ಸಂಶಯಾತ್ಮ

ಇದೆ, ಆದರೆ ಸವೆದಿದೆ. ರಸ್ತೆ ದಾಟುವವನಿಗೆ ಕಾರು ಡಿಕ್ಕಿ ಹೊಡೆದರೂ ‘ಸ ಫೇರ್ ರಾಂವೆರ್ಸೇ’ ಎಂದೇ ಜನ ಹೇಳುತ್ತಾರೆ. ಅಲ್ಲಿ ಪಾಪ, ಅವನ ತಪ್ಪೇನೂ ಇಲ್ಲ. ಭಾಷಾಶುದ್ಧಿಯವರು ಮೂಗು ಮುರಿಯುವುದೂ ಇದಕ್ಕೇ. ಮಾತಿನ ಮಟ್ಟವನ್ನೂ ನೋಡಿಕೊಳ್ಳಬೇಕು. ಕೆಲಸದಿಂದ ತೆಗೆದುಹಾಕಿದ್ದನ್ನು ಗೆಳೆಯರ ನಡುವೆ ಹೇಳುವಾಗ ‘ಸ ಫೇರ್ ವಿರೇ’. ಕಚೇರಿಯ ಪತ್ರದಲ್ಲಿ ಕರ್ಮಣಿ ಪ್ರಯೋಗದ ‘ಎತ್ರ್ ಲಿಸಾಂಸಿಯೇ’. ಇಂಗ್ಲಿಷಿನ ಗೆಟ್ ಹಗುರವಾಗಿದ್ದರೆ ಮೊದಲನೆಯದು, ಮೂಲದ ಧಾಟಿ ಬಿಗಿಯಾಗಿದ್ದರೆ ಎರಡನೆಯದು.

ಹೊಸ ಓದುಗ

ಇದು ಇಷ್ಟು ದೂರ ಹೋಗುತ್ತದೆಂದು ಊಹಿಸಿರಲಿಲ್ಲ. ಒಂದು ಸಣ್ಣ ಸಂದೇಹ: ಹೆಂಗಸೊಬ್ಬಳು ಬೈಸಿಕೊಂಡಳು ಎನ್ನುವಾಗ ‘ಫೇ’ ಎಂಬ ಭೂತಕೃದಂತಕ್ಕೆ ಸ್ತ್ರೀಲಿಂಗದ ಅಕ್ಷರ ಸೇರಿಸಬೇಕೇ? ‘ಸ ಲಾವೇ’ಗೆ ಸೇರಿಸುತ್ತೇವಲ್ಲ?

ನಿಘಂಟುಪ್ರಿಯೆ

ಬೇಡ. ‘ಫೇರ್’ ಹಿಂದೆಯೇ ಇನ್ನೊಂದು ಕ್ರಿಯಾಪದದ ಮೂಲರೂಪ ಬಂದರೆ ಅದರ ಕೃದಂತ ಎಂದೂ ಬದಲಾಗುವುದಿಲ್ಲ. ಫ್ರೆಂಚರೇ ಇಲ್ಲಿ ತಪ್ಪು ಬರೆಯುತ್ತಾರೆ. 1990ರ ಕಾಗುಣಿತ ಸುಧಾರಣೆ ಇದೇ ಮಾದರಿಯನ್ನು ‘ಲೆಸೇ’, ಅಂದರೆ ಬಿಡು, ಎಂಬ ಕ್ರಿಯಾಪದಕ್ಕೂ ವಿಸ್ತರಿಸಲು ಶಿಫಾರಸು ಮಾಡಿತು. ‘ಲಾವೇ’ ವಿಷಯ ಬೇರೆ: ಅವಳು ಸ್ನಾನ ಮಾಡಿಕೊಂಡಳು ಎಂದರೆ ಅಕ್ಷರ ಸೇರುತ್ತದೆ, ಕೈ ತೊಳೆದುಕೊಂಡಳು ಎಂದರೆ ಸೇರುವುದಿಲ್ಲ. ಅಲ್ಲಿ ತೊಳೆದದ್ದು ಕೈಯನ್ನು, ಅವಳನ್ನಲ್ಲ.

ಅರೆಪಂಡಿತ

ಗೆಟ್ ಆನ್, ಗೆಟ್ ಆಫ್, ಗೆಟ್ ಇನ್, ಗೆಟ್ ಔಟ್, ಗೆಟ್ ಅಕ್ರಾಸ್. ಈ ಸಾಲನ್ನು ಯಾರೂ ಸರಿಯಾಗಿ ಮುಟ್ಟಿಲ್ಲ. ಇಲ್ಲಿರುವುದು ಪದಕೋಶದ ಸಮಸ್ಯೆಗಿಂತ ಆಳವಾದದ್ದು.

ಚಲನೆಯಲ್ಲಿ ಎರಡು ಸಂಗತಿಗಳಿರುತ್ತವೆ: ಯಾವ ಕಡೆಗೆ, ಯಾವ ರೀತಿಯಲ್ಲಿ. ಇಂಗ್ಲಿಷ್ ರೀತಿಯನ್ನು ಕ್ರಿಯಾಪದಕ್ಕೆ ಕೊಟ್ಟು, ದಿಕ್ಕನ್ನು ಇನ್, ಔಟ್, ಅಕ್ರಾಸ್ ಎಂಬ ಪುಟ್ಟ ಪದಗಳಿಗೆ ವಹಿಸುತ್ತದೆ. ಫ್ರೆಂಚಿನಲ್ಲಿ ದಿಕ್ಕೇ ಕ್ರಿಯಾಪದ: ‘ಆಂತ್ರೇ’, ‘ಸೋರ್ತೀರ್’, ‘ತ್ರಾವೆರ್ಸೇ’. ರೀತಿಯನ್ನು ಹೇಳಲೇಬೇಕಿದ್ದರೆ ಹಿಂದಿನಿಂದ ಒಂದು ತುಣುಕು ಅಂಟಿಸುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1980ರ ದಶಕದಿಂದ ಈ ವಿಂಗಡಣೆಯನ್ನು ವಿವರವಾಗಿ ಬೆಳೆಸಿದರು. ಅವರಿಗಿಂತ ಮೊದಲೇ, 1958ರಲ್ಲಿ, ಕೆನಡಾದಲ್ಲಿ ಕಲಿಸಿದ ವಿನೇ ಮತ್ತು ದಾರ್ಬೆಲ್ನೇ ಎಂಬ ಇಬ್ಬರು ವಿದ್ವಾಂಸರು ಫ್ರೆಂಚ್ ಮತ್ತು ಇಂಗ್ಲಿಷ್ ಶೈಲಿಗಳನ್ನು ಹೋಲಿಸಿ ಬರೆದಾಗ ಈ ಅದಲುಬದಲಿಗೆ ‘ಶಾಸೇ-ಕ್ರವಾಜೇ’ ಎಂದು ಹೆಸರಿಟ್ಟಿದ್ದರು. ಅನುವಾದ ಕಲಿಸುವವರು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ.

ಈಗ ಕನ್ನಡ ನೋಡಿ. ‘ಓಡುತ್ತಾ ಒಳಗೆ ಬಂದ’. ಮುಖ್ಯ ಕ್ರಿಯಾಪದ ಬಂದ, ಓಟ ಅದಕ್ಕೆ ಜೋಡಣೆ. ಫ್ರೆಂಚಿನಲ್ಲಿ ‘ಇಲೇ ಆಂತ್ರೇ ಆಂ ಕುರಾಂ’. ಆ ‘ಆಂ ಕುರಾಂ’ ಎಂಬುದು ನಮ್ಮ ‘ಓಡುತ್ತಾ’. ‘ಈಜಿ ನದಿ ದಾಟಿದ’ ಎಂಬುದು ‘ತ್ರಾವೆರ್ಸೇ’ ಜೊತೆಗೆ ‘ಆ ಲಾ ನಾಜ್’. ಟಾಲ್ಮಿಯವರ ಪಟ್ಟಿಯಲ್ಲಿ ತಮಿಳು ಫ್ರೆಂಚಿನ ಗುಂಪಿನಲ್ಲಿದೆ. ಕನ್ನಡವನ್ನೂ ಅದರ ಪಕ್ಕದಲ್ಲಿ ಕೂರಿಸಲು ನನಗೇನೂ ಸಂಕೋಚವಿಲ್ಲ. ಇಂಗ್ಲಿಷಿನ ಗೆಟ್‌ಗೆ ಇಲ್ಲಿ ರೀತಿಯ ಅರ್ಥವೂ ಇಲ್ಲ, ದಿಕ್ಕೂ ಇಲ್ಲ. ಹೇಗೋ ಸ್ಥಾನ ಬದಲಾಯಿತು ಎನ್ನುವುದಷ್ಟೇ ಅದರ ಕೆಲಸ. ಅನುವಾದಿಸುವಾಗ ಅದನ್ನು ಬಿಟ್ಟುಬಿಡಿ. ಇನ್, ಔಟ್, ಆಫ್ ಎಂಬವನ್ನೇ ಕ್ರಿಯಾಪದವಾಗಿ ಮಾಡಿ.

ಒಂದು ಎಚ್ಚರಿಕೆ. ಚಲನೆಯ ಈ ಕ್ರಿಯಾಪದಗಳಲ್ಲಿ ‘ತ್ರಾವೆರ್ಸೇ’ ಬಿಟ್ಟು ಉಳಿದವು ಭೂತಕಾಲದಲ್ಲಿ ‘ಎತ್ರ್’, ಅಂದರೆ ಇರು, ಎಂಬುದರ ಸಹಾಯ ಪಡೆಯುತ್ತವೆ: ‘ಜ ಸ್ವೀ ದೆಸಾಂದ್ಯು’, ಇಳಿದೆ. ಆದರೆ ಪೆಟ್ಟಿಗೆಯನ್ನು ಇಳಿಸಿದೆ ಎಂದರೆ ‘ಜೇ ದೆಸಾಂದ್ಯು’, ‘ಅವ್ವಾರ್’, ಅಂದರೆ ಹೊಂದಿರು, ಎಂಬುದರ ಸಹಾಯದಿಂದ. ಇಳಿ ಮತ್ತು ಇಳಿಸು, ಹತ್ತು ಮತ್ತು ಹತ್ತಿಸು ಎಂದು ನಾವು ಪ್ರತ್ಯಯದಿಂದ ತೋರಿಸುವ ಭೇದವನ್ನು ಅವರು ಸಹಾಯಕ ಕ್ರಿಯಾಪದ ಬದಲಿಸಿ ತೋರಿಸುತ್ತಾರೆ. ಮೆಟ್ಟಿಲು ಇಳಿದೆ ಎಂಬಲ್ಲಿ ಮಾತ್ರ ಈ ಹೋಲಿಕೆ ಕೈಕೊಡುತ್ತದೆ. ಮೆಟ್ಟಿಲು ಕರ್ಮಪದವಾದ್ದರಿಂದ ಅಲ್ಲೂ ‘ಅವ್ವಾರ್’ ಬೇಕು.

ಹಿಮದೂರು

ಕೆನಡಾದ ಕೆಬೆಕ್ ಪ್ರಾಂತ್ಯದಿಂದ ಬರೆಯುತ್ತಿದ್ದೇನೆ. ಮೇಲಿನದೆಲ್ಲ ಫ್ರಾನ್ಸಿನ ಫ್ರೆಂಚಿಗೆ ಸರಿ. ಇಲ್ಲಿ ಕಾರು ಹತ್ತುವುದಕ್ಕೆ ‘ಆಂಬಾರ್ಕೇ’, ಬಸ್ಸಿನಿಂದ ಇಳಿಯುವುದಕ್ಕೆ ‘ದೆಬಾರ್ಕೇ’ ಎನ್ನುವುದು ಮಾತಿನಲ್ಲಿ ಸಾಮಾನ್ಯ. ಎರಡೂ ಮೂಲತಃ ಹಡಗಿನ ಪದಗಳು. ಪ್ರೀತಿಯಲ್ಲಿ ಬೀಳುವುದು ಫ್ರಾನ್ಸಿನಲ್ಲಿ ‘ತೋಂಬೇ ಆಮುರೊ’, ಇಲ್ಲಿ ‘ತೋಂಬೇ ಆನ್ ಆಮೂರ್’ ಎಂದೂ ಹೇಳುತ್ತಾರೆ. ಅನುವಾದ ಯಾರಿಗಾಗಿ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಸಿನಿಮಾದ ಉಪಶೀರ್ಷಿಕೆಯಲ್ಲಿ ‘ದೆಬಾರ್ಕೇ’ ಕಂಡರೆ ಪ್ಯಾರಿಸ್ಸಿನ ಪ್ರೇಕ್ಷಕನಿಗೆ ಸೈನ್ಯ ಬಂದಿಳಿದಂತೆ ಅನ್ನಿಸಬಹುದು.

ಹೊಸ ಓದುಗ

ನನ್ನ ಕಥೆಯಲ್ಲಿ ಕತ್ತಲಾಗುವುದು, ಚಳಿಯಾಗುವುದು ಬಾಕಿ ಇದೆ. ಇಲ್ಲಿ ನಮ್ಮ ‘ಆಗು’ ಎಂಬುದು ‘ದವನೀರ್’ಗೆ ಚೆನ್ನಾಗಿ ಹೊಂದುತ್ತದೆಯಲ್ಲವೇ?

ನಿಘಂಟುಪ್ರಿಯೆ

ಹೊಂದುತ್ತದೆ ಎಂದು ಅನ್ನಿಸುವುದೇ ಅಪಾಯ. ನಾನು ತಿದ್ದುವ ಬರಹಗಳಲ್ಲಿ ‘ದವನೀರ್’ ಬಿದ್ದಷ್ಟು ಕಡೆ ಬೇರಾವ ಪದವೂ ಅನಗತ್ಯವಾಗಿ ಬೀಳುವುದಿಲ್ಲ. ವೈದ್ಯನಾಗು, ಪ್ರಸಿದ್ಧನಾಗು, ಕಷ್ಟವಾಗು ಎಂಬಲ್ಲಿ ಅದು ಸರಿಯೇ. ಆದರೆ ಮೈಬಣ್ಣ, ಗಾತ್ರ, ವಯಸ್ಸು ಬದಲಾಗುವಲ್ಲಿ ಫ್ರೆಂಚ್ ಗುಣವಾಚಕವನ್ನೇ ಕ್ರಿಯಾಪದ ಮಾಡಿಬಿಡುತ್ತದೆ. ಕೆಂಪು ‘ರೂಜ್’, ಕೆಂಪಾಗು ‘ರೂಜೀರ್’. ದಪ್ಪ ‘ಗ್ರೋ’, ದಪ್ಪಗಾಗು ‘ಗ್ರೋಸೀರ್’. ಸಣಕಲು ‘ಮೇಗ್ರ್’, ಸಣ್ಣಗಾಗು ‘ಮೇಗ್ರೀರ್’. ಹಣ್ಣಾಗು ‘ಮ್ಯೂರೀರ್’, ಬಿಳಿಚಿಕೊಳ್ಳು ‘ಪಾಲೀರ್’, ವಯಸ್ಸಾಗು ‘ವಿಯೇಯೀರ್’. ಇವೆಲ್ಲ ಒಂದೇ ಬಗೆಯ ರೂಪಾವಳಿಯವು; ಒಂದನ್ನು ಕಲಿತರೆ ಉಳಿದವು ತಾವಾಗಿ ಬರುತ್ತವೆ. ಕಾಯಿಲೆ ಬೀಳುವುದಕ್ಕೆ ನಮ್ಮಂತೆಯೇ ‘ತೋಂಬೇ’, ಬೀಳು: ‘ತೋಂಬೇ ಮಾಲಾದ್’. ನೆಗಡಿಯನ್ನು ಅವರು ಹಿಡಿಯುತ್ತಾರೆ, ‘ಆತ್ರಾಪೇ’.

ಹೊತ್ತಾಗುವುದು ‘ಇಲ್ ಸ ಫೇ ತಾರ್’. ಕತ್ತಲಾಗುವುದು ‘ಲಾ ನ್ವೀ ತೋಂಬ್’, ರಾತ್ರಿ ಬೀಳುತ್ತದೆ. ಇಲ್ಲಿ ‘ದವನೀರ್’ ಹಾಕಿದರೆ ಅರ್ಥ ಆಗಬಹುದು, ಬರೆದವನು ಹೊರಗಿನವನು ಎಂಬುದೂ ಕೂಡಲೇ ಗೊತ್ತಾಗುತ್ತದೆ.

ಚಳಿಯ ವಿಷಯ ನನಗೆ ಬಹಳ ಇಷ್ಟ. ಗೆಟ್ ಕೋಲ್ಡ್ ಎಂಬ ಒಂದೇ ಮಾತಿನಲ್ಲಿ ಇಂಗ್ಲಿಷ್ ಮೂರು ಸಂಗತಿಗಳನ್ನು ಒಟ್ಟು ಮಾಡುತ್ತದೆ. ಹೊರಗೆ ಚಳಿ ಶುರುವಾಗುತ್ತಿದೆ ಎಂದರೆ ‘ಇಲ್ ಕೋಮಾಂಸ್ ಆ ಫೇರ್ ಫ್ರವಾ’. ನನಗೆ ಚಳಿಯಾಗುತ್ತಿದೆ ಎಂದರೆ ‘ಜ ಕೋಮಾಂಸ್ ಆ ಅವ್ವಾರ್ ಫ್ರವಾ’, ಚಳಿ ನನ್ನ ಬಳಿ ಇರುವ ಸಂಗತಿ. ಸೂಪ್ ತಣ್ಣಗಾಗುತ್ತಿದೆ ಎಂದರೆ ‘ರಫ್ರವಾದೀರ್’. ಕನ್ನಡದಲ್ಲಿ ಈ ಮೂರನ್ನೂ ನಾವು ಬೇರೆಬೇರೆಯಾಗಿಯೇ ಹೇಳುತ್ತೇವೆ, ಬೆರೆಸುವುದು ಇಂಗ್ಲಿಷಿನ ನೆರಳಿನಲ್ಲಿ ನಿಂತಾಗ ಮಾತ್ರ. ಆ ನೆರಳಿನಲ್ಲಿ ನಿಂತು ನೇರವಾಗಿ ‘ಜ ಸ್ವೀ ಫ್ರವಾ’ ಎಂದವನು ತನ್ನ ಸ್ವಭಾವದಲ್ಲಿ ಪ್ರೀತಿಯ ಬಿಸುಪಿಲ್ಲ ಎಂದು ಸಾರಿದಂತಾಗುತ್ತದೆ.

ವ್ಯಾಕರಣದ ಹುಚ್ಚ

ಇದರ ಜೊತೆಗೇ ಹೇಳಬೇಕಾದದ್ದು ‘ನನಗೆ’ ಎಂಬ ಚತುರ್ಥಿಯ ಕಥೆ. ನಮಗೆ ಹಸಿವಾಗುತ್ತದೆ, ಹೆದರಿಕೆಯಾಗುತ್ತದೆ, ಪತ್ರ ಬರುತ್ತದೆ, ಕೆಲಸ ಸಿಗುತ್ತದೆ. ಎಲ್ಲವೂ ನಮ್ಮ ಕಡೆಗೆ ತಾವಾಗಿ ಬರುವಂಥವು. ಫ್ರೆಂಚಿನಲ್ಲಿ ‘ನಾನು’ ಕರ್ತೃವಾಗಿ ಎದ್ದು ನಿಲ್ಲಲೇಬೇಕು: ಪತ್ರವನ್ನು ಸ್ವೀಕರಿಸಿದೆ, ಕೆಲಸವನ್ನು ಕಂಡುಕೊಂಡೆ. ಕನ್ನಡದ ದಾರಿ ಇಲ್ಲಿ ನೆರವಿಗೆ ಬರುವುದಿಲ್ಲ, ಇದನ್ನು ಸಂಶಯಾತ್ಮ ಅವರು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ.

ಆದರೆ ಕಾಲದ ವಿಷಯದಲ್ಲಿ ಅದು ಮತ್ತೆ ಕೈಹಿಡಿಯುತ್ತದೆ. ‘ನನಗೆ ಹೆದರಿಕೆ ಇತ್ತು’ ಮತ್ತು ‘ನನಗೆ ಹೆದರಿಕೆಯಾಯಿತು’. ಮೊದಲನೆಯದು ‘ಜಾವೇ ಪರ್’, ಎರಡನೆಯದು ‘ಜೇ ಯು ಪರ್’. ಎರಡರಲ್ಲೂ ಇರುವುದು ‘ಅವ್ವಾರ್’, ಬದಲಾದದ್ದು ಭೂತಕಾಲದ ಬಗೆ. ನನಗೆ ತಿಳಿದಿತ್ತು ‘ಜ ಸಾವೇ’, ನನಗೆ ತಿಳಿಯಿತು ‘ಜೇ ಸ್ಯು’. ಇಂಗ್ಲಿಷಿನಲ್ಲಿ ಗಾಟ್ ಎಂದೋ ಇನ್ನೇನೋ ಸೇರಿಸಿ ಹೇಳುವ ಬದಲಾವಣೆಯನ್ನು ಫ್ರೆಂಚ್ ಕಾಲರೂಪದಿಂದಲೇ ಮುಗಿಸುತ್ತದೆ. ಒಳ್ಳೆಯ ಅಂಕ ಬಂತು ಎನ್ನುವುದಕ್ಕೂ ‘ಜೇ ಯು’ ಸಾಕು. ‘ಇತ್ತು’ ಮತ್ತು ‘ಆಯಿತು’ಗಳ ಭೇದ ಬಲ್ಲ ನಮಗೆ, ಈ ಎರಡು ಭೂತಕಾಲಗಳ ಬಗ್ಗೆ ಅಷ್ಟೊಂದು ಹೆದರಿಸುವ ಪಾಠಗಳು ಬೇಕಾಗಿಲ್ಲ.

ಸಂಶಯಾತ್ಮ

ಈ ಸಲ ಆಕ್ಷೇಪಣೆ ಇಲ್ಲ. ‘ಇತ್ತು, ಆಯಿತು’ ಎಂಬ ಕೀಲಿ ಚೆನ್ನಾಗಿದೆ. ಆದರೆ ನೆನಪಿರಲಿ, ಪ್ರತಿದಿನ ನಡೆಯುತ್ತಿದ್ದುದನ್ನು ಹೇಳುವಾಗ ನಾವು ‘ಆಗುತ್ತಿತ್ತು’ ಎನ್ನುತ್ತೇವೆ. ಅದು ಫ್ರೆಂಚಿನಲ್ಲಿ ‘ಜಾವೇ’ ಕಡೆಗೇ ಸೇರುತ್ತದೆ.

ಪಕ್ಕದ ಬೆಂಚು

ಇಷ್ಟು ದಿನ ಓದುತ್ತಿದ್ದೆ ಅಷ್ಟೇ. ಒಬ್ಬನಿಂದ ಕೆಲಸ ಮಾಡಿಸುವ ಗೆಟ್ ಬಗ್ಗೆ ಯಾರಾದರೂ ಹೇಳುವಿರಾ? ‘ಅವನಿಂದ ಪತ್ರ ಬರೆಸಿದೆ’ ಎಂಬುದನ್ನು ‘ಫೇರ್’ ಹಾಕಿ ಬರೆದೆ. ತಿದ್ದಿದವರು ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ ಎಂದರು.

ಅರೆಪಂಡಿತ

ತಿದ್ದಿದವರು ಸರಿ. ‘ಜ ಲ್ವೀ ಏ ಫೇ ಎಕ್ರೀರ್ ಯೂನ್ ಲೆತ್ರ್’ ಎಂದರೆ ಅವನಿಂದ ಬರೆಸಿದೆ ಎಂದೂ ಆಗಬಹುದು, ಅವನಿಗೆ ಬೇರೆಯವರಿಂದ ಬರೆಸಿದೆ ಎಂದೂ ಆಗಬಹುದು. ನಮ್ಮಲ್ಲಿ ‘ಅವನಿಂದ’, ‘ಅವನಿಗೆ’ ಎಂದು ವಿಭಕ್ತಿಯೇ ಕಾಪಾಡುತ್ತದೆ. ಅವರು ಗೊಂದಲ ತಪ್ಪಿಸಲು ಬರೆದವನ ಮುಂದೆ ‘ಪಾರ್’ ಹಾಕುತ್ತಾರೆ.

ಇನ್ನೂ ಎರಡು ಮಾತು. ‘ಫೇರ್’ ಮತ್ತು ಅದರ ಜೊತೆಯ ಕ್ರಿಯಾಪದದ ನಡುವೆ ನಾಮಪದವನ್ನು ತುರುಕಬೇಡಿ. ಕಾರು ರಿಪೇರಿ ಮಾಡಿಸು ಎಂಬುದು ‘ಫೇರ್ ರೆಪಾರೇ ಲಾ ವವಾತ್ಯೂರ್’. ಇಂಗ್ಲಿಷಿನಲ್ಲಿ ಕಾರು ನಡುವೆ ಬರುತ್ತದೆ, ಅದನ್ನು ನೋಡಿ ನಕಲು ಮಾಡಿದರೆ ಫ್ರೆಂಚ್ ಒಡೆಯುತ್ತದೆ. ಎರಡನೆಯದು ಅರ್ಥದ ಮಾತು. ಗೆಟ್ ಎಂದಲ್ಲಿ ಹಲವು ವೇಳೆ ಒಲಿಸಿದ, ಒಪ್ಪಿಸಿದ ಶ್ರಮ ಅಡಗಿರುತ್ತದೆ. ‘ಫೇರ್’ನಲ್ಲಿ ಅದು ಕಾಣುವುದಿಲ್ಲ, ಆಜ್ಞೆ ಮಾಡಿ ಕರೆಸಿದಂತೆಯೂ ಇರಬಹುದು. ಶ್ರಮ ಮುಖ್ಯವಾದರೆ ‘ಕೋಂವೇಂಕ್ರ್’, ಅಂದರೆ ಮನವೊಲಿಸು ಎಂಬುದನ್ನೇ ಬಳಸಿ.

ದುಃಖಪಡಿಸು, ಸಂತೋಷಪಡಿಸು ಎಂಬಲ್ಲಿಯೂ ‘ಫೇರ್’ ಬೇಡ. ಗುಣವಾಚಕ ಬಂದರೆ ‘ರಾಂದ್ರ್’: ‘ರಾಂದ್ರ್ ತ್ರೀಸ್ತ್’. ಸಿಟ್ಟು ಬರಿಸುವುದು ‘ಮೆತ್ರ್ ಆಂ ಕೋಲೇರ್’.

ಹಿಮದೂರು

ಗೆಟ್ ಅವೇ ವಿತ್, ಗೆಟ್ ಅಟ್ ಎಂಬವನ್ನು ಯಾರೂ ಎತ್ತಲಿಲ್ಲ. ಇವುಗಳಲ್ಲಿ ‘ಆಂ’ ಮತ್ತು ‘ಈ’ ಎಂಬ ಎರಡು ಪುಟ್ಟ ಸರ್ವನಾಮಗಳ ಆಟವಿದೆ. ಶಿಕ್ಷೆ ತಪ್ಪಿಸಿಕೊಂಡು ಪಾರಾಗುವುದು ‘ಸಾಂ ತಿರೇ’. ಏನು ಹೇಳಲು ಹೊರಟಿದ್ದೀಯ ಎಂದು ಕೇಳುವುದು ‘ಊ ವೊ ತ್ಯು ಆಂ ವನೀರ್’. ಎಷ್ಟು ಒದ್ದಾಡಿದರೂ ಆಗುತ್ತಿಲ್ಲ ಎನ್ನುವುದು ‘ಜ ನೀ ಆರೀವ್ ಪಾ’. ಇಲ್ಲಿ ನೀವು ದಿನಕ್ಕೆ ಹತ್ತಾರು ಬಾರಿ ಇದನ್ನು ಕೇಳುತ್ತೀರಿ. ‘ಆಂ’ ಎಂಬುದನ್ನು ಅದರಿಂದ, ‘ಈ’ ಎಂಬುದನ್ನು ಅದಕ್ಕೆ ಅಥವಾ ಅಲ್ಲಿಗೆ ಎಂದು ಇಟ್ಟುಕೊಂಡರೆ ಅರ್ಧ ದಾರಿ ಸಾಗುತ್ತದೆ: ಅದರಿಂದ ಪಾರಾದ, ಅಲ್ಲಿಗೆ ಮುಟ್ಟಲಾಗುತ್ತಿಲ್ಲ. ಉಳಿದರ್ಧ ಕಿವಿಯಿಂದಲೇ ಬರಬೇಕು.

ಪಕ್ಕದ ಬೆಂಚು

ಹಾಗಾದರೆ ಹೊರಟುಹೋಗು ಎಂಬ ‘ಸಾನ್ ಆಲೇ’ಯಲ್ಲೂ ಅದೇ ‘ಆಂ’ ಇದೆಯೇ? ಅದರ ಭೂತಕಾಲದಲ್ಲಿ ಸಹಾಯಕ ಕ್ರಿಯಾಪದ ಎಲ್ಲಿ ಬರಬೇಕು?

ನಿಘಂಟುಪ್ರಿಯೆ

ಅದೇ. ವರ್ತಮಾನದಲ್ಲಿ ‘ಜ ಮಾಂ ವೇ’, ಆಜ್ಞೆಯಲ್ಲಿ ‘ವಾ ತಾಂ’. ಭೂತಕಾಲಕ್ಕೆ ವ್ಯಾಕರಣ ಒಪ್ಪುವುದು ‘ಜ ಮಾಂ ಸ್ವೀ ಆಲೇ’, ಸಹಾಯಕ ಕ್ರಿಯಾಪದ ‘ಆಂ’ ಆದ ಮೇಲೆ. ಜನರ ಬಾಯಲ್ಲಿ ಈ ಎರಡೂ ಸ್ಥಾನ ಬದಲಿಸಿ ‘ಜ ಮ ಸ್ವೀ ಆನ್ ಆಲೇ’ ಎಂದೂ ಬರುತ್ತದೆ. ವೈಯಾಕರಣರು ಅದನ್ನು ಒಪ್ಪುವುದಿಲ್ಲ. ಕಥೆಯ ಪಾತ್ರ ಆಡುಮಾತಿನವನಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಅದನ್ನು ಇಡಬಹುದು. ನಿರೂಪಣೆಯಲ್ಲಾದರೆ ‘ಜ ಸ್ವೀ ಪಾರ್ತೀ’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಿ. ನಾನಂತೂ ಹಾಗೆಯೇ ಮಾಡುತ್ತೇನೆ.